ಮೂಲೆಯಿದ್ದ ನೆರಳು

"ಮರದ ನೆರಳಿಗೆ ಮೂಲೆ ಇರುತ್ತೇನ್ರೀ?"

ಇನ್ಸ್‌ಪೆಕ್ಟರಮ್ಮ ಕೇಳಿದಳು.

ಗೋಡೆಯಗಲದ ಪರದೆಯ ಮೇಲೆ ಊರಾಚೆಯ ಹಳೆಯ ಕಲ್ಲುಕ್ವಾರಿ ಹರಡಿಕೊಂಡಿತ್ತು. ವಿಮಾನದಿಂದ ತೆಗೆದ ಚಿತ್ರ. ಬೂದು ಬಣ್ಣದ ಬೋಳು ನೆಲ, ಅದರ ಬಲ ಅಂಚಿಗೆ ದಟ್ಟ ಮರಗಳ ಸಾಲು. ಬೆಳಗಿನ ಬಿಸಿಲಿಗೆ ನೆರಳೆಲ್ಲ ಎಡಕ್ಕೆ ವಾಲಿ ಬೋಳು ನೆಲದ ಮೇಲೆ ಬಿದ್ದಿತ್ತು. ಉಂಡೆ ಉಂಡೆಯಾಗಿ, ಅಂಚು ಹರಿದ ಕಂಬಳಿಯ ಹಾಗೆ. ಆದರೆ ಆ ಸಾಲಿನ ನಡುವೆ ಒಂದು ಕಡೆ ಮಾತ್ರ ನೆರಳು ನೇರವಾಗಿತ್ತು. ಸ್ಕೇಲಿಟ್ಟು ಎಳೆದಷ್ಟು ನೇರ. ಅದರ ತುದಿಯಲ್ಲಿ ಚೊಕ್ಕವಾದ ಒಂದು ಮೂಲೆ.

"ಸಾಲಾಗಿ ನೆಟ್ಟ ಮರ ಇರಬಹುದು ಮೇಡಂ," ಎಂದರು ಮೇಷ್ಟ್ರು.

"ನೆಟ್ಟವರು ತುದೀನ ಗರಗಸದಲ್ಲಿ ಕುಯ್ದು ಮಟ್ಟ ಮಾಡಿದ್ರಾ?"

ಬಾಗಿಲ ಬಳಿ ನಿಂತಿದ್ದ ದಫೇದಾರ ಮೀಸೆಯೊಳಗೇ ನಕ್ಕ. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅರ್ಧ ಗಂಟೆಯಲ್ಲಿ ಅದನ್ನು ಒರೆಸಿದ್ದು ಇದು ನಾಲ್ಕನೆಯ ಸಲ. ಇನ್ಸ್‌ಪೆಕ್ಟರಮ್ಮ ಎಣಿಸುತ್ತಿದ್ದಳು.

ಈ ನಕ್ಷೆ ಕಚೇರಿಯ ಸರ್ವೆಯರ್ ಕಳೆದ ಮಂಗಳವಾರ ಅಳತೆಗೆಂದು ಹೋದವನು, ಇವತ್ತು ಸೋಮವಾರವಾದರೂ ಮನೆಗೆ ಮರಳಿರಲಿಲ್ಲ. ಸದಾ ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡಿರುತ್ತಿದ್ದ ಅವನನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಟೇಪಣ್ಣ ಎಂದು.

ಮೇಷ್ಟ್ರು ಎನ್ನುವುದೂ ಅಡ್ಡಹೆಸರೇ. ಮೂವತ್ತು ದಾಟಿರದ ಆ ಮನುಷ್ಯ ಪಾಠ ಹೇಳುತ್ತಿದ್ದದ್ದು ಮಕ್ಕಳಿಗಲ್ಲ, ಯಂತ್ರಕ್ಕೆ. ಡೀಪ್ ಲರ್ನಿಂಗ್ ಎಂದು ಅವರು ಬೆಳಿಗ್ಗೆ ಏನೇನೋ ವಿವರಿಸಲು ಹೋಗಿದ್ದರು. ದಫೇದಾರ ಬಿಟ್ಟ ಬಾಯಿ ಮುಚ್ಚದೆ ಕೇಳುತ್ತಿದ್ದದ್ದನ್ನು ನೋಡಿ ಕೊನೆಗೆ ಸರಳವಾಗಿ ಹೇಳಿದ್ದರು: ವಿಮಾನ ತೆಗೆದ ಚಿತ್ರಗಳಲ್ಲಿ ಒಂದೊಂದು ಚಾವಣಿಯ ಸುತ್ತಲೂ ಜನ ಕೈಯಾರೆ ಗೆರೆ ಎಳೆಯುತ್ತಾರೆ. ಇದು ಮನೆ, ಇದು ಮನೆ, ಇದು ಮನೆಯಲ್ಲ. ಅಂಥ ಲಕ್ಷ ಲಕ್ಷ ಗೆರೆಗಳನ್ನು ನೋಡಿ ನೋಡಿ ಯಂತ್ರ ತಾನೇ ಕಲಿತುಕೊಳ್ಳುತ್ತದೆ. ಆಮೇಲೆ ಹೊಸ ಚಿತ್ರ ಕೊಟ್ಟರೆ, ಎಲ್ಲೆಲ್ಲಿ ಕಟ್ಟಡವಿದೆಯೋ ಅಲ್ಲೆಲ್ಲ ಕೆಂಪು ಬಳಿಯುತ್ತದೆ. ಮೊದಮೊದಲು ಡಿಪೋದಲ್ಲಿ ನಿಂತ ಬಸ್ಸುಗಳಿಗೆಲ್ಲ ಕೆಂಪು ಬಳಿದು ಮೂವತ್ತು ಮನೆ ಅಂದಿತ್ತಂತೆ. ಪಾಚಿ ಕಟ್ಟಿದ ಚಾವಣಿ ಕಂಡರೆ ಹುಲ್ಲು ಅನ್ನುತ್ತಿತ್ತಂತೆ. ಈಗ ಹಾಗಿಲ್ಲ. ಈಗ ನೂರಕ್ಕೆ ತೊಂಬತ್ತಾರು ಸರಿ.

ದಾಖಲೆಯಲ್ಲಿಲ್ಲದ ಹೊಸ ಕಟ್ಟಡ ಯಂತ್ರಕ್ಕೆ ಕಂಡರೆ ಅದು ಪಟ್ಟಿಗೆ ಹೋಗುತ್ತದೆ. ಪಟ್ಟಿ ಹಿಡಿದು ಸ್ಥಳಕ್ಕೆ ಹೋಗಿ, ಗೋಡೆಗೆ ಟೇಪು ಹಿಡಿದು ನೋಡಿಬರುವುದು ಟೇಪಣ್ಣನ ಕೆಲಸ.

ಮಂಗಳವಾರದ ಪಟ್ಟಿಯಲ್ಲಿ ಹತ್ತು ಕಟ್ಟಡ. ಹತ್ತಕ್ಕೂ ಅವನು ಅಳತೆ ಹಾಕಿ ಫೋಟೋ ಕಳಿಸಿದ್ದ. ಮಧ್ಯಾಹ್ನ ಒಂದೂವರೆಗೆ ಹತ್ತನೆಯದು, ಕ್ವಾರಿಯ ದಾರಿಯಲ್ಲಿ. ಅಲ್ಲಿಗೆ ಮುಗಿಯಿತು. ಅವನ ಸ್ಕೂಟರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಎಲ್ಲಿಗೋ ಬಸ್ಸು ಹತ್ತಿ ಹೋಗಿದ್ದಾನೆ, ಮನೆಯಲ್ಲಿ ಏನೋ ಜಗಳ ಇರಬೇಕು ಎಂದು ಕಚೇರಿಯವರು ಕೈ ತೊಳೆದುಕೊಂಡಿದ್ದರು.

ಆದರೆ ಅವನ ಹೆಂಡತಿ ದಿನಾ ಠಾಣೆಗೆ ಬಂದು ಒಂದೇ ಮಾತು ಹೇಳುತ್ತಿದ್ದಳು. "ಹೊರಡೋವಾಗ ಹನ್ನೊಂದು ಅಂದಿದ್ರು ಮೇಡಂ. ಇವತ್ತು ಹನ್ನೊಂದು ಮನೆ, ಊಟಕ್ಕೆ ಕಾಯಬೇಡ ಅಂದಿದ್ರು. ನನ್ನ ಕಿವಿ ನೆಟ್ಟಗಿದೆ."

ಹತ್ತೋ, ಹನ್ನೊಂದೋ? ಆ ಒಂದು ಎಲ್ಲಿಗೆ ಹೋಯಿತು?

"ಮೇಷ್ಟ್ರೇ, ಈ ಜಾಗ ಮತ್ತೊಂದು ಸಲ ಯಂತ್ರಕ್ಕೆ ತೋರಿಸಿ."

ಮೇಷ್ಟ್ರು ಕೀಲಿಗಳನ್ನು ಒತ್ತಿದರು. ಪರದೆಯ ಮೂಲೆಯಲ್ಲಿ ಒಂದು ಚಕ್ರ ತಿರುಗಿತು. ಊರಿನ ಕಡೆಯ ಚಾವಣಿಗಳೆಲ್ಲ ಒಂದೊಂದಾಗಿ ಕೆಂಪಾದವು. ಕ್ವಾರಿಯ ಕಡೆ ಒಂದು ಚುಕ್ಕೆಯೂ ಮೂಡಲಿಲ್ಲ.

"ನೋಡಿದ್ರಾ ಮೇಡಂ? ಅಲ್ಲಿ ಏನೂ ಇಲ್ಲ. ಯಂತ್ರ ಸುಳ್ಳು ಹೇಳಲ್ಲ."

"ಯಂತ್ರ ಹೇಳಲ್ಲ. ಅದಕ್ಕೆ ತೋರಿಸಿದ ಚಿತ್ರ ಹೇಳಬಹುದಲ್ಲ?"

ಅಷ್ಟರಲ್ಲಿ ದಫೇದಾರ ಪರದೆಯ ಹತ್ತಿರಕ್ಕೆ ಬಂದ. ಅವನಿಗೆ ಕಂಪ್ಯೂಟರ್ ಬಾರದು, ಆದರೆ ಸಂತೆಯಲ್ಲಿ ಜೇಬುಗಳ್ಳನ ಬೆನ್ನು ನೋಡಿ ಗುರುತು ಹಿಡಿಯುವ ಕಣ್ಣು.

"ಮೇಡಂ, ಇಲ್ಲೊಂದು ಮರ ನೋಡಿ. ಒಂದು ಕಡೆ ಕಿವಿ ಹರಿದ ಟೋಪಿ ಥರ ಇದೆಯಲ್ಲ? ಪಕ್ಕದಲ್ಲಿ ಒಂದು ಒಣಗಿದ್ದು, ಅದರ ಪಕ್ಕ ಒಂದು ಗಿಡ್ಡಂದು. ಇದೇ ಮೂರು ಜನ ಅಲ್ಲೂ ಕೂತಿದಾರೆ." ಅವನ ಬೆರಳು ಎರಡು ಗೇಣು ಕೆಳಕ್ಕೆ ಸರಿಯಿತು. "ಇಲ್ಲೂ ಅವರೇ. ಅವಳಿ ಜವಳಿ ಕೇಳಿದೀನಿ. ಮೂರು ಮರಕ್ಕೂ ಒಟ್ಟಿಗೆ ಅವಳಿ ಹುಟ್ಟಿದ್ದು ಕೇಳಿಲ್ಲ."

ಇನ್ಸ್‌ಪೆಕ್ಟರಮ್ಮ ಅವನ ಬೆನ್ನು ತಟ್ಟಿದಳು.

ಯಾರೋ ಬೇರೆ ಕಡೆಯ ಮರಗಳನ್ನು ಕತ್ತರಿಸಿ ತಂದು ಈ ಜಾಗದ ಮೇಲೆ ಅಂಟಿಸಿದ್ದರು. ಚಾವಣಿ ಮುಚ್ಚಿಹೋಗಿತ್ತು. ಆದರೆ ಆ ಚಾವಣಿ ಬೆಳಗಿನ ಬಿಸಿಲಿಗೆ ದೂರದ ನೆಲದ ಮೇಲೆ ಚೆಲ್ಲಿದ್ದ ನೆರಳನ್ನು ಮುಚ್ಚಲು ಮರೆತಿದ್ದರು.

ಮೇಷ್ಟ್ರು ಕನ್ನಡಕವನ್ನು ಐದನೆಯ ಸಲ ಒರೆಸಿದರು.

"ಈ ಚಿತ್ರದ ಫೈಲು ಕೊನೇಸಲ ಬದಲಾಗಿದ್ದು ಯಾವಾಗ?"

"ನೋಡ್ತೀನಿ ಮೇಡಂ…" ನೋಡಿದರು. ಮುಖದ ಬಣ್ಣ ಇಳಿಯಿತು. "ಬುಧವಾರ. ಬೆಳಿಗ್ಗೆ ಎಂಟೂ ಹತ್ತಕ್ಕೆ. ಒಳಗಿನ ಸ್ಟೋರ್ ರೂಮಿನ ಕಂಪ್ಯೂಟರಿಂದ."

ಟೇಪಣ್ಣ ಕಾಣೆಯಾದ ಮರುದಿನ.

"ಆ ರೂಮಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು. ಸಾಹೇಬರ ಹತ್ರ ಒಂದು. ನಾನು ಬುಧವಾರ ಬಂದಿದ್ದು ಹತ್ತು ಗಂಟೆಗೆ ಮೇಡಂ, ಬಾಗಿಲ ಹತ್ರ ಬೆರಳು ಒತ್ತಿದ ದಾಖಲೆ ಇದೆ, ಬೇಕಾದ್ರೆ…"

"ನಾನಿನ್ನೂ ಕೇಳೇ ಇಲ್ಲವಲ್ಲ ಮೇಷ್ಟ್ರೇ."

ಕೇಳದೆಯೇ ಉತ್ತರ ಕೊಡುವವರಲ್ಲಿ ಎರಡು ಬಗೆ ಎಂಬುದು ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಮ್ಮನಿಗೆ ತಿಳಿದಿತ್ತು. ತಪ್ಪು ಮಾಡಿದವರು, ಮತ್ತು ಹುಟ್ಟಾ ಹೆದರುಪುಕ್ಕಲರು. ಈ ಮನುಷ್ಯ ಯಾವ ಬಗೆ ಎಂದು ಅವಳಿಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ.

ಬಾಗಿಲು ಸದ್ದಿಲ್ಲದೆ ತೆರೆಯಿತು. ಸಾಹೇಬರು. ಕಚೇರಿಯ ಮುಖ್ಯಸ್ಥರು. ಇಸ್ತ್ರಿ ಮುರಿಯದ ಅಂಗಿ, ತೂಕ ಹಾಕಿದಂಥ ನಗು.

"ಏನಾದರೂ ಸುಳಿವು ಸಿಕ್ತಾ ಮೇಡಂ? ಮಧ್ಯಾಹ್ನದ ಮೇಲೆ ಈ ಕೋಣೇಲಿ ನಮ್ಮದೊಂದು ಮೀಟಿಂಗ್ ಇತ್ತು, ಅದಕ್ಕೆ ಕೇಳಿದೆ."

"ಮೀಟಿಂಗ್ ಬೇರೆ ಕಡೆ ಇಟ್ಕೊಳ್ಳಿ ಸಾರ್. ಈ ಕೋಣೆ ಇವತ್ತು ನನ್ನದು."

ಸಾಹೇಬರ ಕಣ್ಣು ಒಂದು ಗಳಿಗೆ ಪರದೆಯ ಮೇಲೆ ನಿಂತಿತು. ಕ್ವಾರಿಯ ಮೇಲೆ. ಆಮೇಲೆ ಇನ್ಸ್‌ಪೆಕ್ಟರಮ್ಮನ ಮುಖಕ್ಕೆ ಬಂತು. "ಧಾರಾಳವಾಗಿ," ಎಂದು ಹೊರಟುಹೋದರು. ಬಾಗಿಲನ್ನು ಮಾತ್ರ ಪೂರ್ತಿ ಹಾಕಲಿಲ್ಲ. ದಫೇದಾರ ಹೋಗಿ ಹಾಕಿದ.

"ಜೀಪು ತಗೊಂಡು ಕ್ವಾರಿಗೆ ಹೊರಡಿ," ಎಂದಳು ಅವಳು ದಫೇದಾರನ ಕಿವಿಯ ಬಳಿ. "ಕೆಳಗಿರೋ ಇಬ್ಬರು ಪೇದೆಗಳನ್ನ ಕರ್ಕೊಳ್ಳಿ. ವೈರ್‌ಲೆಸ್ ಬೇಡ, ಫೋನ್ ಮಾಡಿ. ಠಾಣೆಗೂ ಹೇಳಬೇಡಿ."

"ಠಾಣೆಗೂನಾ?"

"ಯಾರಿಗೂ."

ದಫೇದಾರ ಒಂದು ಕ್ಷಣ ಅವಳನ್ನು ನೋಡಿದ. ಅವಳ ಕೈಕೆಳಗೆ ಕಳೆದ ಹನ್ನೊಂದು ವರ್ಷದಲ್ಲಿ ಅವಳು ಹೀಗೆ ಹೇಳಿದ್ದು ಇದೇ ಮೊದಲು. ಸೆಲ್ಯೂಟ್ ಹೊಡೆದು ಹೊರಟ.

ಈಗ ಕೋಣೆಯಲ್ಲಿ ಉಳಿದದ್ದು ಇಬ್ಬರೇ.

"ಚಿತ್ರ ಬದಲಾಯಿಸಿದ್ರು. ಸರಿ. ಗೆರೆಗಳು? ಜನ ಕೈಯಾರೆ ಎಳೀತಾರಲ್ಲ, ಅವು ಎಲ್ಲಿರುತ್ತವೆ?"

"ಅವು ಬೇರೆ ಕಡೆ ಇರುತ್ತವೆ ಮೇಡಂ. ಚಿತ್ರದ ಜೊತೆ ಇರಲ್ಲ."

"ಅಳಿಸಿದ ಗೆರೆಗಳು?"

"ಅವೂ ಇರುತ್ತವೆ. ಕಣ್ಣಿಗೆ ಕಾಣಲ್ಲ ಅಷ್ಟೆ. ಯಾರು ಯಾವ ತಪ್ಪು ಮಾಡ್ತಾರೆ ಅಂತ ನೋಡೋಕೆ ನಾನೇ ಇಟ್ಕೊಂಡಿರ್ತೀನಿ. ಆ ವಿಷಯ ಇಲ್ಲಿ ಬೇರೆ ಯಾರಿಗೂ…" ಮೇಷ್ಟ್ರು ಮಾತು ನಿಲ್ಲಿಸಿದರು. ಅವಳು ಏನು ಕೇಳುತ್ತಿದ್ದಾಳೆ ಎಂದು ಆಗ ಹೊಳೆದಿರಬೇಕು. ಕೀಲಿಗಳ ಮೇಲೆ ಬೆರಳು ಓಡಿದವು.

ಪರದೆಯ ಮೇಲೆ, ಅಂಟಿಸಿದ ಮರಗಳ ನಟ್ಟನಡುವೆ, ಹಳದಿ ಬಣ್ಣದ ಒಂದು ಚೌಕ ಮೂಡಿತು.

ಇನ್ಸ್‌ಪೆಕ್ಟರಮ್ಮ ಪರದೆಯ ಹತ್ತಿರಕ್ಕೆ ಬಂದಳು. ಚೌಕದ ಎಡ ಅಂಚು ಆ ನೇರ ನೆರಳಿಗೆ ಸರಿಸಮನಾಗಿ ಕೂತಿತ್ತು.

"ಗುರುವಾರ ಬೆಳಿಗ್ಗೆ, ಹನ್ನೊಂದೂ ನಲವತ್ತಕ್ಕೆ ಎಳೆದಿದ್ದಾರೆ," ಮೇಷ್ಟ್ರು ಓದಿದರು. "'ಕಟ್ಟಡ' ಅಂತ ಗುರುತು ಹಾಕಿದ್ದಾರೆ. ಶುಕ್ರವಾರ ಬೆಳಿಗ್ಗೆ ಒಂಬತ್ತೂ ಐದಕ್ಕೆ ಅಳಿಸಿದ್ದಾರೆ. ಎರಡೂ ಒಬ್ಬರದೇ ಹೆಸರಲ್ಲಿ."

"ಯಾರ ಹೆಸರು?"

"ಗೆರೆಯಕ್ಕ."

ಗೆರೆಯಕ್ಕ ಬಂದಾಗ ಕೈಯಲ್ಲಿ ಇನ್ನೂ ಮೌಸಿನ ಅಚ್ಚು ಇದ್ದಂತೆ ಬೆರಳುಗಳು ಬಾಗಿದ್ದವು. ಐವತ್ತರ ಆಸುಪಾಸು. ಹದಿನಾಲ್ಕು ವರ್ಷದಿಂದ ಚಾವಣಿಗಳ ಸುತ್ತ ಗೆರೆ ಎಳೆಯುವುದೇ ಆಕೆಯ ಬದುಕು. ಹೊರಗಿನ ಮೇಜಿನಲ್ಲಿ ಕೂರುವ ಆರೂ ಜನಕ್ಕೆ ಕೆಲಸ ಕಲಿಸಿದ್ದು ಆಕೆಯೇ. ಯಂತ್ರದ ಮೊದಲ ಪಾಠದ ಪುಸ್ತಕ ಇವರ ಕೈ, ಎಂದು ಮೇಷ್ಟ್ರು ಬೆಳಿಗ್ಗೆ ಹೆಮ್ಮೆಯಿಂದ ಪರಿಚಯಿಸಿದ್ದರು. ಈಗ ಆಕೆಯ ಮುಖ ನೋಡದೆ ಕೂತಿದ್ದರು.

ಇನ್ನೊಂದು ಸಂಗತಿಯೂ ಇತ್ತು. ಗೆರೆಯಕ್ಕ ಟೇಪಣ್ಣನ ಅಣ್ಣನ ಹೆಂಡತಿ. ಅವನಿಗೆ ಸ್ವಂತ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೂ ಆಕೆ ಅದೇ ಮನೆಯ ಮಹಡಿಯಲ್ಲಿದ್ದಳು.

"ಕೂತ್ಕೊಳ್ಳಿ ಅಕ್ಕ. ಈ ಚೌಕ ಯಾರದು?"

ಗೆರೆಯಕ್ಕ ಪರದೆ ನೋಡಿದಳು. ಬಾಗಿದ ಬೆರಳುಗಳನ್ನು ಮಡಚಿಕೊಂಡಳು. ಅಷ್ಟೆ.

"ನನ್ನದೇ ಮೇಡಂ. ಕೈತಪ್ಪಿ ಎಳೆದಿದ್ದೆ. ಮರದ ಮೇಲೆ ಎಳೆದುಬಿಟ್ಟಿದೀನಿ ಅಂತ ಮಾರನೇ ದಿನ ಗೊತ್ತಾಯ್ತು, ಅಳಿಸಿದೆ. ದಿನಕ್ಕೆ ನಾನೂರು ಎಳೀತೀವಿ. ಒಂದೋ ಎರಡೋ ತಪ್ಪುತ್ತೆ."

"ಹೌದು, ತಪ್ಪುತ್ತೆ. ಒಂದು ಕೆಲಸ ಮಾಡಿ. ಈಗ ಇಲ್ಲೇ ನನಗೊಂದು ಚಾವಣಿ ಎಳೆದು ತೋರಿಸಿ. ಯಾವುದಾದರೂ ಸರಿ."

"ಯಾಕೆ ಮೇಡಂ?"

"ನನಗೂ ಕಲೀಬೇಕು ಅಂತ ಆಸೆ."

ಗೆರೆಯಕ್ಕ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ನೆಲ ನೋಡಿದರು. ಆಕೆ ಮೌಸು ಹಿಡಿದು ಒಂದು ಮನೆಯ ಮೇಲಿನ ಎಡ ಮೂಲೆಯಲ್ಲಿ ಚುಕ್ಕೆ ಇಟ್ಟಳು. ಅಲ್ಲಿಂದ ಬಲಕ್ಕೆ, ಬಲದಿಂದ ಕೆಳಕ್ಕೆ, ಕೆಳಗಿನಿಂದ ಎಡಕ್ಕೆ. ನಾಲ್ಕು ಕ್ಲಿಕ್ಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಇನ್ನೊಂದು."

ಮತ್ತದೇ. ಮೇಲಿನ ಎಡ ಮೂಲೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ.

"ಮತ್ತೊಂದು."

ಮೂರನೆಯದೂ ಹಾಗೇ.

"ಮೇಷ್ಟ್ರೇ, ಹೊರಗೆ ಕೂತಿರೋ ಆರು ಜನ ಹೇಗೆ ಎಳೀತಾರೆ?"

"ಎಲ್ಲರೂ ಹೀಗೇ ಮೇಡಂ. ಅಕ್ಕನೇ ಕಲಿಸಿದ್ದಲ್ಲ."

"ಗುರುವಾರದ ಚೌಕದಲ್ಲಿ ಯಾವ ಚುಕ್ಕೆ ಮೊದಲು ಬಿತ್ತು, ಯಾವುದು ಕೊನೆಗೆ? ನಂಬರು ತೋರಿಸಿ."

ಹಳದಿ ಚೌಕದ ಮೂಲೆಗಳಲ್ಲಿ ಅಂಕಿಗಳು ಮೂಡಿದವು. ಒಂದು, ಕೆಳಗಿನ ಬಲ ಮೂಲೆ. ಎರಡು, ಅದರ ಮೇಲೆ. ಮೂರು, ಮೇಲಿನ ಎಡ. ನಾಲ್ಕು, ಕೆಳಗಿನ ಎಡ.

ಪೂರ್ತಿ ತಿರುಗುಮುರುಗು.

ಇನ್ಸ್‌ಪೆಕ್ಟರಮ್ಮ ತನ್ನ ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದಳು. ಟೇಪಣ್ಣನ ಹೆಂಡತಿ ಬೆಳಿಗ್ಗೆ ಕೊಟ್ಟಿದ್ದು, ಹೋದ ವರ್ಷದ ಅಳತೆಯ ಪುಸ್ತಕ. ಪುಟ ಪುಟದಲ್ಲೂ ಮನೆಗಳ ಚಿತ್ರ, ಒಂದೊಂದು ಗೋಡೆಯ ಮಗ್ಗುಲಲ್ಲೂ ಅಳತೆ. ಮೂಲೆಗಳಲ್ಲಿ ಪುಟ್ಟ ಅಂಕಿಗಳು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಮನೆಯಲ್ಲೂ ಮೊದಲನೆಯದು ಕೆಳಗಿನ ಬಲ ಮೂಲೆ.

ಅವಳು ಪುಸ್ತಕವನ್ನು ಗೆರೆಯಕ್ಕನ ಮುಂದೆ ಸರಿಸಿದಳು.

ಗೆರೆಯಕ್ಕ ಪುಟ ತಿರುವಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

"ಗೋಡೆ ಯಾವಾಗಲೂ ಎಡಗೈ ಕಡೆ ಇರಬೇಕು ಅಂತಾನೆ," ಎಂದಳು ಸಣ್ಣ ದನಿಯಲ್ಲಿ. "ಎಡಚ. ಟೇಪು ಎಡಗೈಲಿ ಒತ್ತಿ ಹಿಡ್ಕೊಂಡು ಮನೆ ಸುತ್ತ ನಡೀತಾನೆ. ಕಂಪ್ಯೂಟರಲ್ಲೂ ಹಾಗೇ ಎಳೀತಾನೆ. ಎಷ್ಟು ಸಲ ತಿದ್ದಿದೀನಿ. ಕೇಳಲ್ಲ."

"ಮಂಗಳವಾರ ಕಾಣೆಯಾದವನು ಗುರುವಾರ ನಿಮ್ಮ ಹೆಸರಲ್ಲಿ ಗೆರೆ ಎಳೆದ. ಹೇಗೆ?"

"ಅಳತೆಗೆ ಅಂತ ಅವನಿಗೆ ಕೊಟ್ಟಿರೋ ಕಚೇರಿ ಟ್ಯಾಬಲ್ಲಿ. ಅವನ ಹೆಸರಲ್ಲಿ ಎಳೆದ್ರೆ ಸಾಹೇಬ್ರ ಒಪ್ಪಿಗೆ ಬೇಕು, ವಾರಗಟ್ಟಲೆ ಕೂತಿರುತ್ತೆ. ನನ್ನ ಹೆಸರಲ್ಲಾದ್ರೆ ನೇರ ಹೋಗುತ್ತೆ. ಅದಕ್ಕೇ ನನ್ನ ಪಾಸ್‌ವರ್ಡ್ ಕೊಟ್ಟಿದ್ದೆ. ಎರಡು ವರ್ಷ ಆಯ್ತು."

"ಆ ಟ್ಯಾಬಲ್ಲಿ ಮಾತಾಡೋಕೆ ಆಗಲ್ಲ," ಎಂದರು ಮೇಷ್ಟ್ರು, ಯಾರೂ ಕೇಳದೆ. "ನಕ್ಷೆ ಮಾತ್ರ. ಮಂಗಳವಾರದಿಂದ ಆಫ್ ಇದೆ ಅಂತ ನಾನು ಹೇಳಿದ್ದೆ…" ಕೀಲಿ ಒತ್ತಿ ನೋಡಿದರು. ತಲೆಯ ಮೇಲೆ ಕೈ ಇಟ್ಟುಕೊಂಡರು. "ಗುರುವಾರ ನಾಲ್ಕು ನಿಮಿಷ ಆನ್ ಆಗಿತ್ತು ಮೇಡಂ. ನಾಲ್ಕೇ ನಿಮಿಷ. ನಾನು ನೋಡೇ ಇಲ್ಲ."

ಇನ್ಸ್‌ಪೆಕ್ಟರಮ್ಮನ ಕಣ್ಣಮುಂದೆ ಅದು ಕಟ್ಟಿದಂತೆ ಬಂತು. ಎಲ್ಲೋ ಒಂದು ಕತ್ತಲ ಗೋಡೆಗೆ ಒರಗಿ ಕೂತ ಮನುಷ್ಯ. ಮಾತಾಡಲು ಫೋನಿಲ್ಲ. ಬಚ್ಚಿಟ್ಟುಕೊಂಡ ಟ್ಯಾಬು. ನಕ್ಷೆ ತೆರೆದರೆ, ತಾನು ಕೂತಿರುವ ಜಾಗದಲ್ಲೇ ಮರಗಳು. ತಾನಿರುವ ಕಟ್ಟಡವೇ ಇಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಅದನ್ನೇ ಮಾಡಿದ. ನಾಲ್ಕು ಚುಕ್ಕೆ ಇಟ್ಟು, 'ಕಟ್ಟಡ' ಎಂದು ಬರೆದ.

ಇಲ್ಲಿದೀನಿ, ಎಂದು ಕೂಗಿದ ಹಾಗೆ.

"ಶುಕ್ರವಾರ ಬೆಳಿಗ್ಗೆ ನಿಮಗೆ ಕಂಡಿತು. ನೋಡಿದ ಕೂಡಲೇ ಯಾರ ಕೈ ಅಂತ ಗೊತ್ತಾಯ್ತು," ಎಂದಳು ಇನ್ಸ್‌ಪೆಕ್ಟರಮ್ಮ. ದನಿ ಏರಿಸಲಿಲ್ಲ. "ಮೈದುನ ಬದುಕಿದಾನೆ ಅಂತ ಗೊತ್ತಾಯ್ತು. ಎಲ್ಲಿದಾನೆ ಅಂತಲೂ ಗೊತ್ತಾಯ್ತು. ಕೆಳಗಿನ ಮನೇಲಿ ಅವನ ಹೆಂಡತಿ ಅನ್ನ ನೀರು ಬಿಟ್ಟು ಕೂತಿದ್ದಳು. ನೀವು ಮಾತ್ರ ಅಳಿಸಿಬಿಟ್ರಿ."

"ಬದುಕಿದಾನೆ ಅಂತ ಗೊತ್ತಾಯ್ತು, ಹೌದು!" ಗೆರೆಯಕ್ಕ ತಲೆ ಎತ್ತಿದಳು. ಕಣ್ಣು ಕೆಂಪಗಿತ್ತು. "ಬದುಕಿರಲಿ ಅಂತಾನೇ ಅಳಿಸಿದೆ."

ಮೇಷ್ಟ್ರು ಬೆಚ್ಚಿದರು.

"ಬುಧವಾರ ಮನೆಗೆ ಫೋನ್ ಬಂತು. ಗಂಡಸಿನ ದನಿ. ಕ್ವಾರಿ ಹತ್ರ ನಕ್ಷೆಲಿ ಏನಾದ್ರೂ ಕಂಡ್ರೆ ಅಳಿಸು, ಒಂದು ವಾರ ಬಾಯಿ ಮುಚ್ಕೊಂಡಿರು, ನಿನ್ನ ಮೈದುನ ತನ್ನ ಕಾಲ ಮೇಲೆ ನಡ್ಕೊಂಡು ಮನೆಗೆ ಬರ್ತಾನೆ ಅಂದ. ಬಾಯಿ ಬಿಟ್ರೆ ಹೊತ್ಕೊಂಡು ಬರಬೇಕಾಗುತ್ತೆ ಅಂದ. ನಾನೇನು ಮಾಡಲಿ? ನನ್ನ ಗಂಡ ಸಾಯೋವಾಗ ಅವನ ಕೈ ನನ್ನ ಕೈಲಿಟ್ಟು ಹೋದ್ರು. ನನ್ನ ತಮ್ಮನ್ನ ನೋಡ್ಕೋ ಅಂತ. ಗಂಡಸಿನ ಕೈ ಹೆಂಗಸಿನ ಕೈಗೆ ಒಪ್ಪಿಸಿ ಹೋದ್ರು ಮೇಡಂ."

"ಒಂದು ವಾರ ಅಂದ್ರೆ ಮಂಗಳವಾರಕ್ಕೆ ಮುಗಿಯುತ್ತೆ. ನಾಳೆ," ಎಂದಳು ಇನ್ಸ್‌ಪೆಕ್ಟರಮ್ಮ. "ನಾಳೆ ಅವರು ಬಿಟ್ಟು ಕಳಿಸ್ತಾರೆ ಅಂತ ನಿಜವಾಗಲೂ ನಂಬಿದೀರಾ?"

ಗೆರೆಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ಹತ್ರ ಬರಬಹುದಿತ್ತಲ್ಲ? ದಿನಾ ನಿಮ್ಮ ಮನೆಗೆ ಬಂದಿದೀನಿ. ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡಿಸಿದೀನಿ. ಒಂದು ಮಾತು ಕಿವಿಗೆ ಹಾಕಬಹುದಿತ್ತು."

ಗೆರೆಯಕ್ಕ ಅವಳನ್ನೇ ನೋಡುತ್ತ ಕೂತಳು. ಆ ನೋಟ ಅಳುವವರ ನೋಟವಾಗಿರಲಿಲ್ಲ. ತೂಗಿ ನೋಡುವವರ ನೋಟ. ಈ ಹೆಂಗಸು ಬೆಳಿಗ್ಗೆಯಿಂದಲೂ ತನ್ನನ್ನು ಹೀಗೇ ನೋಡುತ್ತಿದ್ದಾಳೆ ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ಈಗ ಅರಿವಿಗೆ ಬಂತು.

"ಆ ಫೋನಿನವನು ಇನ್ನೊಂದು ಮಾತು ಹೇಳಿದ ಮೇಡಂ. ಪೊಲೀಸರ ಹತ್ರ ಹೋಗಬೇಕು ಅನ್ಸಿದ್ರೆ ಹೋಗು, ನಿಮ್ಮ ಮನೆಗೆ ಬರೋ ಪೊಲೀಸರೂ ನಮ್ಮ ಕಡೆಯವರೇ ಅಂದ."

ಇನ್ಸ್‌ಪೆಕ್ಟರಮ್ಮ ಅಳತೆಯ ಪುಸ್ತಕವನ್ನು ಮುಚ್ಚಿದಳು.

"ಹಾಗಂದವನು ನಿಮ್ಮನ್ನ ಹೆದರಿಸೋಕೆ ಅಂದಿರ್ತಾನೆ."

"ಇರಬಹುದು."

"ನಂಬಿದ್ರಾ?"

"ನಂಬದೇ ಇರೋಕೆ ನನಗೇನು ಕಾರಣ ಇತ್ತು ಹೇಳಿ?"

ಇನ್ಸ್‌ಪೆಕ್ಟರಮ್ಮ ಎದ್ದು ಕಿಟಕಿಯ ಬಳಿ ಹೋದಳು. ಕೆಳಗೆ ಅಂಗಳದಲ್ಲಿ ಸಾಹೇಬರ ಕಾರು ನಿಂತಿತ್ತು. ಚಾಲಕ ಎಂಜಿನ್ ಶುರು ಮಾಡಿಕೊಂಡೇ ಕೂತಿದ್ದ. ಯಾವ ಮೀಟಿಂಗಿಗೆ, ಯಾವ ಕಡೆಗೆ? ಕಟ್ಟಡವನ್ನು ಚಿತ್ರದಿಂದ ಅಳಿಸಿದವನಿಗೆ ಸ್ಟೋರ್ ರೂಮಿನ ಕೀಲಿ ಇತ್ತು. ಗೆರೆಯಕ್ಕನ ಮನೆಯ ಫೋನ್ ನಂಬರು ಗೊತ್ತಿತ್ತು. ಪೊಲೀಸರು ಆ ಮನೆಗೆ ಬಂದುಹೋಗುವುದೂ ಗೊತ್ತಿತ್ತು. ಸಾಹೇಬರೋ? ತಲೆ ತಗ್ಗಿಸಿ ಕೂತ ಈ ಮೇಷ್ಟ್ರೋ? ಅಳಿಸಿದ ಗೆರೆ ಉಳಿದಿರುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದವನು ಮೊದಲೇ ಅದನ್ನು ನಾಶ ಮಾಡಬಹುದಿತ್ತು, ಮಾಡಲಿಲ್ಲ. ಹಾಗಾದರೆ ಮೇಷ್ಟ್ರಲ್ಲ. ಅಥವಾ, ತಾನಲ್ಲ ಎಂದು ತೋರಿಸಿಕೊಳ್ಳಲೆಂದೇ ಉಳಿಸಿಕೊಂಡಿದ್ದರೆ?

ತಲೆಯೊಳಗೆ ಹುಳ ಹೊಕ್ಕಂತಾಯಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ನಡುಗಿತು. ದಫೇದಾರ.

ಅವಳು ಸ್ಪೀಕರ್ ಒತ್ತಿ ಫೋನನ್ನು ಮೇಜಿನ ನಡುವೆ ಇಟ್ಟಳು. ಇಬ್ಬರ ಮುಖವೂ ಕಾಣುವ ಹಾಗೆ ಕೂತಳು. ಅಲ್ಲಿ ಏನು ಸಿಕ್ಕಿದೆ ಎಂದು ಕೇಳುವಾಗ ಯಾರ ಮುಖದಲ್ಲಿ ಏನು ಓಡುತ್ತದೆ ಎಂಬುದು ಅವಳಿಗೆ ಬೇಕಿತ್ತು.

"ಹೇಳ್ರೀ ದಫೇದಾರ್ರೆ."

"ಮೇಡಂ, ಕ್ವಾರಿ ಹತ್ರ ಇದೀನಿ." ಗಾಳಿಯ ಸದ್ದು. "ಕಟ್ಟಡ ಇದೆ. ನೀವು ಹೇಳಿದ ಹಾಗೇ ಇದೆ. ತಗಡಿನ ಚಾವಣಿ, ಉದ್ದನೇ ಶೆಡ್ಡು. ಕಿಟಕಿಗೆಲ್ಲ ಒಳಗಿಂದ ಹಲಗೆ ಹೊಡೆದಿದಾರೆ."

ಗೆರೆಯಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಕಣ್ಣು ಮುಚ್ಚಿದರು.

"ಒಳಗೆ ಯಾರಾದ್ರೂ?"

"ಕೂಗಿದೆ. ಬಾಗಿಲಿಗೆ ಕಿವಿ ಇಟ್ಟು ಕೇಳಿದೆ. ಉತ್ತರ ಇಲ್ಲ. ಆದ್ರೆ ಬಾಗಿಲ ಕೆಳಗೆ ಸಂದೀಲಿ ಟೇಪಿನ ತುದಿ ಕಾಣ್ತಿದೆ ಮೇಡಂ. ಅಳತೆ ಟೇಪು. ಒಳಗಿಂದ ಹೊರಕ್ಕೆ ಎಳೆದಿಟ್ಟ ಹಾಗಿದೆ."

"ಬೀಗ ಒಡೀರಿ. ಏನು ಕಾಯ್ತಿದೀರಿ?"

ಆ ಕಡೆ ದಫೇದಾರ ಪೇದೆಗಳನ್ನು ದೂರ ಕಳಿಸುವುದು ಕೇಳಿಸಿತು.

"ದಫೇದಾರ್ರೆ?"

"ಮೇಡಂ, ಸ್ಪೀಕರ್ ಆಫ್ ಮಾಡಿ."

"ಯಾಕೆ?"

"ಮಾಡಿ ಮೇಡಂ. ದಮ್ಮಯ್ಯ."

"ಇಲ್ಲಿರೋರಿಗೆ ಕೇಳಿಸಲಿ ಅಂತಾನೇ ಹಾಕಿದೀನಿ. ಹೇಳಿ."

ದಫೇದಾರ ಗಂಟಲು ಸರಿಮಾಡಿಕೊಂಡ.

"ಬೀಗದ ಮೇಲೆ ಬಟ್ಟೆ ಸುತ್ತಿ ಅರಗು ಹಾಕಿದಾರೆ ಮೇಡಂ. ಪೊಲೀಸ್ ಸೀಲು. ನಮ್ಮ ಠಾಣೆದು. ತನಿಖೆಗೆ ಒಳಪಟ್ಟ ಜಾಗ, ಯಾರೂ ತೆರೀಬಾರದು ಅಂತ ಚೀಟಿ ಅಂಟಿಸಿದಾರೆ. ಹೋದ ಮಂಗಳವಾರದ ತಾರೀಕು. ಮಧ್ಯಾಹ್ನ ಮೂರು ಗಂಟೆ ಅಂತ ಬರೆದಿದೆ." ಮತ್ತೆ ಗಾಳಿ. "ಕೆಳಗೆ ಸಹಿ ಇದೆ."

"ಯಾರದು?"

"ನಿಮ್ಮದು."

ಗೆರೆಯಕ್ಕ ಕುರ್ಚಿಯನ್ನು ಸದ್ದಾಗುವಂತೆ ಹಿಂದಕ್ಕೆ ಸರಿಸಿದಳು.

"ಯಾರೋ ನಕಲು ಮಾಡಿದಾರೆ," ಎಂದಳು ಇನ್ಸ್‌ಪೆಕ್ಟರಮ್ಮ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು.

"ಹನ್ನೊಂದು ವರ್ಷ ನಿಮ್ಮ ಸಹಿ ನೋಡಿದೀನಿ ಮೇಡಂ. ನಕಲಾದ್ರೆ ಚೆನ್ನಾಗೇ ಮಾಡಿದಾರೆ." ದಫೇದಾರ ತಡೆದ. ಆಮೇಲೆ, ಈ ಹನ್ನೊಂದು ವರ್ಷದಲ್ಲಿ ಎಂದೂ ಕೇಳದ ದನಿಯಲ್ಲಿ ಕೇಳಿದ. "ತಪ್ಪು ತಿಳೀಬೇಡಿ. ಆವತ್ತು ಹಲ್ಲಿನ ಡಾಕ್ಟರ ಹತ್ರ ಹೋಗ್ತೀನಿ ಅಂತ ಮಧ್ಯಾಹ್ನ ಎರಡಕ್ಕೆ ಠಾಣೆಯಿಂದ ಹೊರಟ್ರಿ. ನೀವು ಹೋಗಿದ್ದು ಅಲ್ಲಿಗೇನಾ ಮೇಡಂ?"

ಮೇಷ್ಟ್ರು ಕಣ್ಣು ತೆರೆದಿದ್ದರು. ಗೆರೆಯಕ್ಕ ಬಾಗಿಲವರೆಗೂ ಹೋಗಿ ನಿಂತಿದ್ದಳು. ಫೋನು ಮೇಜಿನ ನಡುವೆ ಉತ್ತರಕ್ಕೆ ಕಾಯುತ್ತಿತ್ತು.

ಅವಳು ಡಾಕ್ಟರ ಹತ್ತಿರ ಹೋಗಿರಲಿಲ್ಲ. ಆ ಮಧ್ಯಾಹ್ನ ತಾನು ಎಲ್ಲಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾತ್ರ ಈ ಕೋಣೆಯಲ್ಲಿ, ಈ ಇಬ್ಬರ ಮುಂದೆ, ಅವಳು ಹೇಳುವ ಹಾಗಿರಲಿಲ್ಲ. ಚೀಟಿಯ ಮೇಲೆ ಮೂರು ಗಂಟೆ ಎಂದು ಬರೆದವನಿಗೂ ಅದು ಗೊತ್ತಿದ್ದಿರಬೇಕು.